ಆದಿಕಡಲಿನ ರಂಜಕ ಎಲ್ಲಿ ಹೋಯಿತು?

ಗೋವಾದ ಕನ್ನಡ ಕೇಳುಗರಿಗೆ ನಮಸ್ಕಾರ.

ಡಿಚೋಲಿ ಕಡೆಯಿಂದ ಬಾರ್ಜುಗಳಲ್ಲಿ ಮಾರ್ಮಗೋವಾ ಬಂದರಿಗೆ ಇಳಿಯುವ ಅದಿರು ನಿಮಗೆಲ್ಲ ಗೊತ್ತು. ಅದರ ತಾಯಿಬಂಡೆಯ ಒಂದು ಚೂರು ಸಿಕ್ಕರೆ ಪಕ್ಕದಿಂದ ನೋಡಿ: ಕೆಂಪು ಕಬ್ಬಿಣದ ಪಟ್ಟೆ, ಮೇಲೆ ಮಾಸಲು ಬಿಳಿ ಸಿಲಿಕದ (ಮರಳಿನಲ್ಲಿರುವ ವಸ್ತು) ಪಟ್ಟೆ, ಮತ್ತೆ ಕಬ್ಬಿಣ. ಕೆಲವು ಪಟ್ಟೆ ಉಗುರಿನಷ್ಟೂ ದಪ್ಪವಿಲ್ಲ. ನಮ್ಮ ಸಂಡೂರು, ಬಾಬಾಬುಡನ್ ಗಿರಿಯ ಕಲ್ಲೂ ಇದೇ ಜಾತಿಯದು. ಅವು 250 ಕೋಟಿ ವರ್ಷಕ್ಕಿಂತ ಹಿಂದೆ ಕಡಲ ತಳದಲ್ಲಿ ಕೂತ ಗಸಿ.

ಆಗಿನ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ಕರಗಿಯೇ ಇರುತ್ತಿತ್ತು, ಲೀಟರಿಗೆ ಕೆಲವು ಮಿಲಿಗ್ರಾಂ ಎಂಬ ಅಂದಾಜಿದೆ. ಇಂದಿನ ತೆರೆದ ಕಡಲಿನಲ್ಲಿ ಅದರ ಸಾವಿರದಲ್ಲೊಂದು ಪಾಲೂ ಸಿಗದು. ಈ ಕಬ್ಬಿಣ ತುಕ್ಕಾದಾಗ ಏನಾಗುತ್ತದೆಂದು ಮನೆಯಲ್ಲೇ ನೋಡಬಹುದು. ಲೋಟ ನಲ್ಲಿ ನೀರಿಗೆ ಕಾಲು ಚಮಚ ಅನ್ನಭೇದಿ ಹಾಕಿ, ಮುಚ್ಚದೆ ಇಡಿ. ಮೊದಲು ತಿಳಿಹಸಿರು, ಮರುದಿನ ತಳದಲ್ಲಿ ಕಂದುಹಳದಿ ಗಸಿ. ನೀರಿನಲ್ಲಿ ರಂಜಕ ಇರುವುದು ಹೆಚ್ಚಾಗಿ ಫಾಸ್ಫೇಟ್ ರೂಪದಲ್ಲಿ; ಆ ಗಸಿಯ ಕಣಗಳಿಗೆ ಫಾಸ್ಫೇಟ್ ಎಂದರೆ ಬಲು ಅಂಟು. ಕೆಂಪು ಮಣ್ಣಿನ ಹೊಲ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಂಜಕದ ಗೊಬ್ಬರ ಡಿಎಪಿಯನ್ನು ಎರಚಿದರೆ ಮಣ್ಣೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಬೀಜದ ಸಾಲಿನಲ್ಲಿ ಹಾಕುತ್ತಾರೆ.

ಕಡಲಿನ ಸೂಕ್ಷ್ಮಸಸ್ಯಗಳಿಗೆ ಸರಾಸರಿ 106 ಇಂಗಾಲದ ಪರಮಾಣುವಿಗೆ 16 ಸಾರಜನಕ, 1 ರಂಜಕ ಬೇಕು. ಸಾರಜನಕ ಕಡಿಮೆಯಾದರೆ ಗಾಳಿಯಿಂದ ಹಿಡಿಯಬಲ್ಲ ಬ್ಯಾಕ್ಟೀರಿಯಾಗಳಿವೆ. 320 ಕೋಟಿ ವರ್ಷದ ಹಿಂದಿನ ಕಲ್ಲುಗಳಲ್ಲೂ ಅವುಗಳ ಗುರುತಿದೆ. ರಂಜಕಕ್ಕೆ ಆ ದಾರಿಯಿಲ್ಲ. ಬಂಡೆ ಸವೆಯಬೇಕು, ಹೊಳೆ ಹೊತ್ತು ತರಬೇಕು, ಇಲ್ಲವೇ ಸತ್ತ ಜೀವಿಯಿಂದ ಅದು ಮರಳಿ ಬಿಡುಗಡೆಯಾಗಬೇಕು.

ತೊಡಕು ಇರುವುದು ಈ ಬಿಡುಗಡೆಯಲ್ಲೇ. ನಮ್ಮ ಗೋವಾ ಕರಾವಳಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಆಳದ ತಣ್ಣೀರು ದಂಡೆಯತ್ತ ಏರುತ್ತದೆ, ಅದರ ಮೇಲೆ ಮಳೆನೀರಿನ ತೆಳು ಹೊದಿಕೆ ಕೂತು ಗಾಳಿ ಕೆಳಗಿಳಿಯದಂತೆ ಮಾಡುತ್ತದೆ. ತಳದ ಬ್ಯಾಕ್ಟೀರಿಯಾ ಸತ್ತ ಜೀವಿಗಳನ್ನು ಕೊಳೆಸುತ್ತಾ ಮೊದಲು ಆಮ್ಲಜನಕ ಮುಗಿಸುತ್ತವೆ, ಆಮೇಲೆ ನೈಟ್ರೇಟ್. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಸಲ್ಫೇಟಿಗೆ ಕೈಹಾಕುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆಯುವ ಕೆಲಸ ನಿಲ್ಲುವುದಿಲ್ಲ, ಫಾಸ್ಫೇಟ್ ನೀರಿಗೆ ಬರುತ್ತಲೇ ಇರುತ್ತದೆ. ಆದಿಕಡಲಿನಲ್ಲಿ ಮೊದಲ ಎರಡು ಇರಲೇ ಇಲ್ಲವೆನ್ನಬೇಕು. ಸಲ್ಫೇಟ್ ಇಂದಿನ ನೂರರಲ್ಲೊಂದು ಪಾಲೂ ಇರಲಿಲ್ಲ ಎಂದು ಗಂಧಕದ ಐಸೋಟೋಪುಗಳು (ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳು) ತೋರಿಸುತ್ತವೆ. ಹೆಣ ಅರೆಬರೆ ಕೊಳೆತು, ರಂಜಕದ ಸಮೇತ ಹೂತುಹೋಗುತ್ತಿತ್ತು. ಚಕ್ರ ಎನ್ನುತ್ತೇವೆ, ಅದು ತಿರುಗುತ್ತಿದ್ದದ್ದು ಮಾತ್ರ ಬಹಳ ನಿಧಾನ.

ಹಾಗಾದರೆ ರಂಜಕ ಎಷ್ಟಿತ್ತು? ಪಟ್ಟೆಗಲ್ಲಿನಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಅದು ಕಡಿಮೆ. ನೀರಿನಲ್ಲೇ ಕಡಿಮೆಯಿತ್ತು ಎಂದು 2002ರಲ್ಲಿ ಒಂದು ಲೆಕ್ಕ ಬಂತು. 2007ರಲ್ಲಿ ಅದಕ್ಕೆ ತಕರಾರು ಎದ್ದಿತು: ಸಿಲಿಕ ಹೀರಿ ಚಿಪ್ಪು ಕಟ್ಟುವ ಡಯಾಟಂ ಎಂಬ ಸೂಕ್ಷ್ಮಸಸ್ಯಗಳಿಲ್ಲದ ಆ ಕಡಲು ಕರಗಿದ ಸಿಲಿಕದಿಂದ ತುಂಬಿತ್ತು, ತುಕ್ಕಿನ ಕಣದ ಮೇಲೆ ಸಿಲಿಕವೇ ಮೊದಲು ಜಾಗ ಹಿಡಿದರೆ ಫಾಸ್ಫೇಟ್ ನೀರಲ್ಲೇ ಉಳಿಯುತ್ತದೆ. ತಕರಾರಿನಲ್ಲಿ ಹುರುಳಿದೆ. ಕಲ್ಲಿನ ಬಿಳಿಪಟ್ಟೆಯೇ ಸಿಲಿಕಕ್ಕೆ ಸಾಕ್ಷಿ.

ಇಂದಿಗೂ ಅಂಥ ಕಬ್ಬಿಣದ ನೀರಿರುವ ಕೆರೆಗಳುಂಟು; ಇಂಡೋನೇಷ್ಯಾದ ಮಟಾನೊ ಅದರಲ್ಲೊಂದು, ಆಳ 590 ಮೀಟರ್. ಅಂಥ ನೀರನ್ನು ಅಳೆಯುವಾಗ ಸಾಮಾನ್ಯವಾಗಿ ಕೆಡುವುದು ಸೀಸೆಯಲ್ಲಿ. ಮೇಲೆ ತಂದು ಮುಚ್ಚಳ ತೆರೆದಿಟ್ಟರೆ ಕಬ್ಬಿಣ ತುಕ್ಕಾಗಿ ಫಾಸ್ಫೇಟನ್ನು ಎಳೆದುಕೊಂಡು ಕೂರುತ್ತದೆ. ಆಮೇಲೆ ಸೋಸಿದರೆ ಅದು ಸೋಸುಹಾಳೆಯ ಮೇಲೆ, ಮಾಪಕದಲ್ಲಿ ಸೊನ್ನೆ. ಆದ್ದರಿಂದ ನೈಟ್ರೋಜನ್ ಅನಿಲದಡಿ 0.2 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿ, ತಕ್ಷಣ ಆಮ್ಲ ಹಾಕಬೇಕು. ನಂತರ ಮಾಲಿಬ್ಡೇಟ್, ಆಸ್ಕಾರ್ಬಿಕ್ ಆಮ್ಲದ ಮಿಶ್ರಣ. ಫಾಸ್ಫೇಟ್ ಇದ್ದಷ್ಟು ನೀಲಿ ಬಣ್ಣ ಹತ್ತು ನಿಮಿಷಕ್ಕೆ ಬರುತ್ತದೆ, ಅದನ್ನು ಮಾಪಕದಲ್ಲಿ 880 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ, ಅರ್ಧ ಗಂಟೆ ಮೀರಬೇಡಿ. ಆ ಮಿಶ್ರಣದಲ್ಲಿ ಗಂಧಕಾಮ್ಲ ಕಡಿಮೆಯಾದರೆ ಸಿಲಿಕವೂ ನೀಲಿಯಾಗುತ್ತದೆ. ಕಡಲಿನಲ್ಲಿ ಫಾಸ್ಫೇಟಿನ ಜಾಗ ಕಸಿದ ಅದೇ ಸಿಲಿಕ, ಇಲ್ಲಿ ಫಾಸ್ಫೇಟಿನ ಲೆಕ್ಕಕ್ಕೆ ಬಂದು ಸೇರಿಬಿಡುತ್ತದೆ.

ನಮಸ್ಕಾರ.