ದನಿಗೆ ಮುಖ ಬರೆಯುವವರು

ಎಲ್ಲರಿಗೂ ನಮಸ್ಕಾರ.

ಕೇಳುವ ನಾಟಕದ ಬಗ್ಗೆ ಧಾರವಾಡದಲ್ಲಿ ಮಾತನಾಡಲು ದೊಡ್ಡ ಪೀಠಿಕೆ ಬೇಕಿಲ್ಲ. 1950ರಲ್ಲಿ ಇಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗಿನಿಂದ ಈ ಸೀಮೆಯ ಕಿವಿಗಳು ಬಾನುಲಿ ನಾಟಕದಲ್ಲಿ ಪಳಗಿವೆ. ಇಂದು ನಾನು ಮಾತನಾಡುವುದು ಅದರ ಮುಂದಿನ ಪೀಳಿಗೆಯಾದ, ಅಂತರ್ಜಾಲದಲ್ಲಿ ಕಂತುಕಂತಾಗಿ ಕೇಳಸಿಗುವ ಪಾಡ್‌ಕಾಸ್ಟ್ ನಾಟಕಗಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅವುಗಳ ಅಭಿಮಾನಿಗಳ ಬಗ್ಗೆ. ಮೆಚ್ಚಿದ ಪಾತ್ರದ ಚಿತ್ರ ಬರೆಯುವ, ಅದಕ್ಕೆ ಹೊಸ ಕಥೆ ಕಟ್ಟುವ, ಅದರ ನಡತೆಯ ಬಗ್ಗೆ ರಾತ್ರಿಯಿಡೀ ವಾದಿಸುವ ಹುಡುಗ ಹುಡುಗಿಯರನ್ನು ಹಿರಿಯರು ಸುಲಭವಾಗಿ ತಳ್ಳಿಹಾಕುತ್ತಾರೆ. ಆದರೆ ಗಮನವಿಟ್ಟು ಕೇಳುವ ಅಭ್ಯಾಸವನ್ನು ಇಂದು ಇವರಷ್ಟು ಶ್ರದ್ಧೆಯಿಂದ ಉಳಿಸಿಕೊಂಡವರು ಕಡಿಮೆ ಎಂಬುದು ನನ್ನ ನಂಬಿಕೆ.

ಜೋಸೆಫ್ ಫಿಂಕ್ ಮತ್ತು ಜೆಫ್ರಿ ಕ್ರೇನರ್ 2012ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ‘ವೆಲ್‌ಕಮ್ ಟು ನೈಟ್ ವೇಲ್’ ಎಂಬ ನಾಟಕವನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮರುಭೂಮಿಯ ವಿಚಿತ್ರ ಊರೊಂದರ ಬಾನುಲಿ ಕೇಂದ್ರದಿಂದ ಸೆಸಿಲ್ ಎಂಬ ನಿರೂಪಕ ಊರಿನ ಸುದ್ದಿ ಓದುತ್ತಾನೆ. ಅವನು ನೋಡಲು ಹೇಗಿದ್ದಾನೆ? ನಾಟಕ ಬಾಯಿ ಬಿಡುವುದೇ ಅಪರೂಪ. ಹಾಗಾಗಿ ಅಭಿಮಾನಿಗಳು ಬರೆದ ಚಿತ್ರಗಳಲ್ಲಿ ಒಬ್ಬ ಸೆಸಿಲ್‌ನ ಹಣೆಯಲ್ಲಿ ಮೂರನೆಯ ಕಣ್ಣಿದೆ, ಇನ್ನೊಬ್ಬನ ತೋಳಿನ ತುಂಬ ಹಚ್ಚೆ ಇದೆ, ಮತ್ತೊಬ್ಬನ ಕೂದಲು ಬಿಳಿ. ಯಾವುದನ್ನೂ ತಪ್ಪು ಎನ್ನಲು ನಾಟಕದಲ್ಲಿ ಆಧಾರವಿಲ್ಲ. 2013ರಲ್ಲಿ ಈ ಕಾರ್ಯಕ್ರಮ ಒಮ್ಮೆಲೇ ಜನಪ್ರಿಯವಾದಾಗ ಅದನ್ನು ಬಾಯಿಂದ ಬಾಯಿಗೆ ಹರಡಿದವರು ಈ ಚಿತ್ರಕಾರರು ಮತ್ತು ಕಥೆಗಾರರೇ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಬ್ರಿಟನ್ನಿನ ‘ದಿ ಮ್ಯಾಗ್ನಸ್ ಆರ್ಕೈವ್ಸ್’. 2016ರಿಂದ 2021ರವರೆಗೆ 200 ಕಂತುಗಳಲ್ಲಿ ಬಂದ ಭಯಾನಕ ಕಥೆ ಇದು. ಲಂಡನ್ನಿನ ಸಂಸ್ಥೆಯೊಂದರ ದಾಖಲೆ ಕೋಣೆಯಲ್ಲಿ ಜಾನ್ ಎಂಬ ಮುಖ್ಯ ದಾಖಲೆಗಾರ, ಜನ ಬರೆದುಕೊಟ್ಟ ಹೇಳಿಕೆಗಳನ್ನು ಟೇಪ್ ರೆಕಾರ್ಡರಿನ ಮುಂದೆ ಓದುತ್ತಾನೆ. ಅವನ ಮೈಬಣ್ಣ, ಎತ್ತರ, ಮೂಗು ಯಾವುದನ್ನೂ ಕಥೆ ಹೇಳುವುದಿಲ್ಲ. ಬಹಳಷ್ಟು ಅಭಿಮಾನಿಗಳು ಅವನನ್ನು ದಕ್ಷಿಣ ಏಷ್ಯಾ ಮೂಲದವನನ್ನಾಗಿ ಬರೆಯುತ್ತಾರೆ. ನಮ್ಮ ಸಪ್ತಾಪುರದಲ್ಲಿ ಪುಸ್ತಕ ಹಿಡಿದು ಎದುರಾಗಬಹುದಾದ ಸೊರಗಿದ ತರುಣನಂತೆ ಅವನು ಕಾಣುತ್ತಾನೆ. ಬೇರೆಯವರ ಚಿತ್ರದಲ್ಲಿ ಅವನು ಬಿಳಿಯ. ಆದರೆ ಈ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಖ ಬದಲಾಗುತ್ತದೆ, ಮೈಮೇಲಿನ ಕಲೆಗಳು ಬದಲಾಗುವುದಿಲ್ಲ. ಮೊದಲ ಭಾಗದ ಕೊನೆಯಲ್ಲಿ ಹುಳುಗಳು ಅವನ ಮೈಯನ್ನು ಕೊರೆದವು, ಆ ದುಂಡನೆಯ ಗುರುತುಗಳಿವೆ. ಮುಂದೊಮ್ಮೆ ಒಬ್ಬ ಹೆಂಗಸಿನ ಕೈ ಕುಲುಕಿ ಅವನ ಅಂಗೈ ಸುಟ್ಟಿತು, ಅದೂ ಇದೆ. ಕಥೆ ಬಿಟ್ಟ ಜಾಗದಲ್ಲಿ ಪೂರ್ಣ ಸ್ವಾತಂತ್ರ್ಯ, ಕಥೆ ಹೇಳಿದ ಕಡೆ ಪೂರ್ಣ ನಿಷ್ಠೆ. ಯಾವ ಮೇಷ್ಟರೂ ಈ ನಿಯಮವನ್ನು ಅವರಿಗೆ ಕಲಿಸಲಿಲ್ಲ.

ಅವರ ವಾದಗಳೂ ಹೀಗೆಯೇ ನಡೆಯುತ್ತವೆ. ಮೊದಲ ಕಂತಿನಲ್ಲೇ ಜಾನ್ ತನ್ನ ಸಹಾಯಕ ಮಾರ್ಟಿನ್‌ನನ್ನು ಕೆಲಸಕ್ಕೆ ಬಾರದವನೆಂದು ಹೀಗಳೆಯುತ್ತಾನೆ. ಮಾರ್ಟಿನ್ ಮಾತ್ರ ಅವನಿಗೆ ಚಹಾ ಮಾಡಿಕೊಡುತ್ತಲೇ ಇರುತ್ತಾನೆ. ಕಥೆ ಮುಗಿಯುವ ಹೊತ್ತಿಗೆ ಇಬ್ಬರೂ ಪ್ರೇಮಿಗಳು. ಆ ಒಲವು ಎಲ್ಲಿ ಮೊಳೆಯಿತು? ಒಬ್ಬರು ಒಂದು ನಿಟ್ಟುಸಿರನ್ನು ಸಾಕ್ಷಿಯಾಗಿ ತರುತ್ತಾರೆ, ಇನ್ನೊಬ್ಬರು ಅದು ಬರೀ ದಣಿವು ಎನ್ನುತ್ತಾರೆ. ಎರಡು ಕ್ಷಣದ ಮೌನದ ಬಗ್ಗೆ ಪುಟಗಟ್ಟಲೆ ಬರೆಯಲು ಎಂಥ ಕಿವಿ ಬೇಕು, ಯೋಚಿಸಿ.

ಇದು ನಮಗೆ ಪರಕೀಯವಲ್ಲ. ಇಲ್ಲಿಂದ ಗದಗಕ್ಕೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ, ಪಂಪನ ತಾಯಿಯ ಕಡೆಯವರ ಊರು. 941ರಲ್ಲಿ ಅವನು ಭಾರತದ ಕಥೆ ಬರೆದಾಗ ಅರ್ಜುನನೇ ನಾಯಕನಾಗಬೇಕಿತ್ತು, ಏಕೆಂದರೆ ಆಶ್ರಯದಾತ ಅರಿಕೇಸರಿಯನ್ನು ಅವನು ಅರ್ಜುನನಿಗೆ ಸಮೀಕರಿಸಿದ್ದ. ಆದರೂ ಕರ್ಣನ ಮುಂದೆ ಬಂದಾಗ ಕವಿಯ ಮನಸ್ಸು ಕರಗಿತು, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆ ಎಂದೇ ಬರೆದ. ಪಂಪನ ಕಾವ್ಯಶಕ್ತಿಯನ್ನು ಯಾರ ಜೊತೆಗೂ ಹೋಲಿಸುತ್ತಿಲ್ಲ. ಕಥೆ ಒಬ್ಬನ ಕಡೆಗಿದ್ದರೂ ಕೇಳಿದವನ ಒಲವು ಇನ್ನೊಬ್ಬನ ಕಡೆ ಹರಿಯುವುದು, ಆ ಒಲವಿನಿಂದ ಕಥೆ ಮರುಹುಟ್ಟು ಪಡೆಯುವುದು ಈ ಮಣ್ಣಿಗೆ ಹಳೆಯ ಸಂಗತಿ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಈ ನಾಟಕಗಳ ಕಂತುಗಳನ್ನು ಅಭಿಮಾನಿಗಳು ಸಾಲುಸಾಲಾಗಿ ಕೇಳಿ, ಬಾಗಿಲ ಸದ್ದನ್ನೂ ಬಿಡದೆ ಬರಹಕ್ಕಿಳಿಸಿದ್ದಾರೆ. ಕಿವಿ ಕೇಳದವರೂ ಓದಿ ಚರ್ಚೆಗೆ ಬರಲಿ ಎಂದು, ಒಂದು ರೂಪಾಯಿಯ ಆಸೆಯಿಲ್ಲದೆ. ತಾವು ಬರೆದ ಕಥೆಗಳನ್ನು ದನಿಯಲ್ಲಿ ಓದಿ ಕೊಡುವವರೂ ಇದ್ದಾರೆ, ಕಣ್ಣು ಕಾಣದವರಿಗೆ ಅವು ದಕ್ಕುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರದಷ್ಟೇ ಮಹತ್ವ ಇಂಥ ಕೆಲಸಕ್ಕೂ ಸಿಗಬೇಕು.

ಒಂದು ಗೆರೆ ಮಾತ್ರ ಇದೆ, ಅದನ್ನು ದಾಟಬಾರದು. ನೈಟ್ ವೇಲ್‌ನ ಸೆಸಿಲ್‌ಗೆ ದನಿ ಕೊಟ್ಟವರ ಹೆಸರು ಸೆಸಿಲ್ ಬಾಲ್ಡ್ವಿನ್. ಮ್ಯಾಗ್ನಸ್ ಆರ್ಕೈವ್ಸ್ ಬರೆದವರು, ಜಾನ್‌ಗೆ ದನಿ ಕೊಟ್ಟವರು ಜೊನಾಥನ್ ಸಿಮ್ಸ್. ಪಾತ್ರದ ಹೆಸರೂ ಅದೇ. ಹೆಸರೂ ದನಿಯೂ ಒಂದೇ ಆದಾಗ ಪಾತ್ರದ ಮೇಲಿನ ಸಲಿಗೆ ಮನುಷ್ಯನ ಮೇಲೆ ಹರಿಯಲು ಹೊತ್ತು ಬೇಕಿಲ್ಲ. ಪಾತ್ರವನ್ನು ಕೊಲ್ಲಿ, ಬದುಕಿಸಿ, ಮದುವೆ ಮಾಡಿಸಿ, ಧಾರವಾಡಕ್ಕೆ ಕರೆತಂದು ಪೇಡೆ ತಿನ್ನಿಸಿ. ನಟನ ಮನೆ, ಸಂಸಾರ, ಖಾಸಗಿ ಬದುಕಿನ ಗೊಡವೆಗೆ ಹೋಗಬೇಡಿ. ಹಾಗೆಂದು ದನಿಯ ಬಗ್ಗೆ ಪ್ರಶ್ನೆಯನ್ನೇ ಕೇಳಬಾರದು ಎಂದಲ್ಲ. ನೈಟ್ ವೇಲ್‌ನ ವಿಜ್ಞಾನಿ ಕಾರ್ಲೋಸ್‌ಗೆ ಮೊದಲು ದನಿಯಾದವರು ಲೇಖಕ ಕ್ರೇನರ್. ಬಿಳಿಯನಲ್ಲದ ಪಾತ್ರಕ್ಕೆ ಬಿಳಿಯನಾದ ತಾನು ದನಿ ಕೊಡುವುದು ಸರಿಯಲ್ಲ ಎಂದು ಅವರಿಗೇ ಅನಿಸಿ, ಆ ಪಾತ್ರ ಡಿಲನ್ ಮ್ಯಾರನ್ ಅವರಿಗೆ ಹೋಯಿತು.

ಈಗ ಮ್ಯಾಗ್ನಸ್ ಆರ್ಕೈವ್ಸ್‌ನ ಮೊದಲ ಕಂತನ್ನು ಎಲ್ಲರೂ ಕೂಡಿ ಕೇಳೋಣ. ಇಂಗ್ಲಿಷ್ ಕಷ್ಟವಾದವರಿಗೆ ಅದರ ಕನ್ನಡ ಸಾರಾಂಶವನ್ನು ಹಿಂದಿನ ಸಾಲಿನಿಂದ ಹಂಚುತ್ತಿದ್ದಾರೆ. ಮೊದಲ ಸಲ ಕೇಳುವಾಗ ಏನನ್ನೂ ಬರೆಯಬೇಡಿ. ಎರಡನೆಯ ಸಲ, ಜಾನ್ ಮಾರ್ಟಿನ್‌ನ ಹೆಸರು ಹೇಳುವ ಕಡೆ ಅವನ ದನಿ ಹೇಗಿದೆ ಎಂದು ಗುರುತು ಹಾಕಿಕೊಳ್ಳಿ. ಚರ್ಚೆಯನ್ನು ಅಲ್ಲಿಂದ ಆರಂಭಿಸೋಣ.