ಎರಕಕ್ಕೆ ತೇವವೇ ವೈರಿ

ಕಾರವಾರ ಆಕಾಶವಾಣಿ ಕೇಳ್ತಿರೋ ಎಲ್ಲರಿಗೂ ನಮಸ್ಕಾರ. ಬೈತಖೋಲದಿಂದ ಭಟ್ಕಳದವರೆಗೆ ಬೋಟಿನ ಎಂಜಿನ್ ಜೊತೆ ಒದ್ದಾಡೋ ತಾಂಡೇಲರು, ಅಂದ್ರೆ ಬೋಟು ನಡೆಸೋರು, ಮೆಕ್ಯಾನಿಕ್ ಹುಡುಗರು ಸ್ವಲ್ಪ ಕಿವಿ ಕೊಡ್ರಿ.

ಎರಕ ಅಂದ್ರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯೂದು. ಹೊಯ್ಯೂದು ಯಾರಿಗೂ ಬರ್ತದೆ, ಒಣಗಿಸೂದು ಬರೂದಿಲ್ಲ. ಪಂಚಲೋಹದ ಮೂರ್ತಿ ಮಾಡೋರನ್ನ ನೋಡಿ, ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಬೆಂಕಿಗೆ ಇಡ್ತಾರೆ, ಮೇಣ ಕರಗಿ ಹೋಗ್ತದೆ, ಮಣ್ಣಿನ ತೇವಾನೂ ಹೋಗ್ತದೆ. ವಿಮಾನದ ಟರ್ಬೈನ್ ಬ್ಲೇಡ್ ಇವತ್ತಿಗೂ ಇದೇ ದಾರಿಲಿ ಆಗೂದು, ಮಣ್ಣಿನ ಬದಲು ಸೆರಾಮಿಕ್ ಅಷ್ಟೇ.

ತದಡಿ ಕಡೆಯ ಒಬ್ಬ ತಾಂಡೇಲರು ಎಂಜಿನ್ನಿನ ಕೂಲಿಂಗ್ ನೀರು ಹೋಗೋ ಅಲ್ಯೂಮಿನಿಯಂ ಕವರ್ ತಂದಿದ್ರು. ಹಳೇ ಎಂಜಿನ್, ಪಾರ್ಟ್ ಸಿಗೂದಿಲ್ಲ, ಹಾಗಾಗಿ ಯಾರ ಹತ್ರನೋ ಹಳೇ ಪಿಸ್ಟನ್ ಕರಗಿಸಿ ಮರಳಚ್ಚಲ್ಲಿ ಮಾಡಿಸಿದ್ದು, ಅದೂ ಜುಲೈ ಮಳೇಲಿ. ನೋಡೂಕೆ ಚೆಂದ, ಮಾರಾಯ್ರೆ! ಕೂರಿಸಿದ್ರೆ ಮೈ ಬೆವರಿದ ಹಾಗೆ ನೀರು ಜಿನುಗ್ತದೆ. ಗ್ಯಾಸ್ಕೆಟ್ ಬದಲಿಸಿದ್ರು, ಬೋಲ್ಟ್ ಬಿಗಿದ್ರು, ಎಂ-ಸೀಲ್ ಮೆತ್ತಿದ್ರು, ಮತ್ತೂ ಅದೇ. "ಸರ್, ಬಿರುಕೇ ಕಾಣೂದಿಲ್ಲಲ?" ಅಂದ್ರು. ಹ್ಯಾಕ್ಸಾ ಹಿಡಿದು ಅವರ ಎದುರೇ ಕೊಯ್ದೆ. ಒಳಗೆಲ್ಲ ಸೂಜಿಮೊನೆಯಷ್ಟು ತೂತು, ಇಡ್ಲಿ ಮುರಿದ ಹಾಗೆ!

ಕಾರಣ ನೀರು. ಒದ್ದೆ ಗುಜರಿ, ಒದ್ದೆ ಸೌಟು, ಹೆಚ್ಚು ನೀರು ಕಲಸಿದ ಮರಳು. ಕರಗಿದ ಅಲ್ಯೂಮಿನಿಯಂ ಆ ನೀರಿನ ಹೈಡ್ರೋಜನ್ ಹೀರ್ಕೊಳ್ತದೆ, ಗಟ್ಟಿ ಆಗೋವಾಗ ಅದನ್ನ ಇಟ್ಕೊಳ್ಳೂಕೆ ಆಗೂದಿಲ್ಲ, ಗುಳ್ಳೆ ಅಲ್ಲೇ ಸಿಕ್ಕಿಬೀಳ್ತದೆ. ಇನ್ನು ಮೂಸೆಯೊಳಗೆ ಒದ್ದೆ ತುಂಡು ಮುಳುಗಿದ್ರಂತೂ ನೀರು ಹಬೆಯಾಗಿ 1600 ಪಟ್ಟಿಗೂ ಹೆಚ್ಚು ಉಬ್ಬಿ ಲೋಹಾನೇ ಮುಖಕ್ಕೆ ಸಿಡೀತದೆ. ದಯವಿಟ್ಟು, ಒಣಗಿಸಿ! ಗುಜರಿನ ಮೊದಲು ಬಿಸಿ ಮಾಡಿ, ಸೌಟನ್ನೂ.

ದೊಡ್ಡ ಫೌಂಡ್ರಿಲೂ ಹೆದರಿಕೆ ಇದರದ್ದೇ, ಕರಗಿದ ಅಲ್ಯೂಮಿನಿಯಂ ಒಳಗೆ ಆರ್ಗಾನ್ ಇಲ್ಲಾ ನೈಟ್ರೋಜನ್ ಗುಳ್ಳೆ ಬಿಟ್ಟು ಹೈಡ್ರೋಜನ್ ಓಡಿಸ್ತಾರೆ. ಪಿಸ್ಟನ್ನಿಗೆ ಸಾಮಾನ್ಯವಾಗಿ ಮರಳೇ ಇಲ್ಲ, ಲೋಹದ ಅಚ್ಚು, ಅದನ್ನೂ ಮೊದಲು ಬಿಸಿ ಮಾಡ್ತಾರೆ. ಪಿಸ್ಟನ್ ಓಡಾಡೋ ಕೊಳವೆ, ಸಿಲಿಂಡರ್ ಲೈನರ್, ತಿರುಗೋ ಅಚ್ಚಲ್ಲಿ ಆಗ್ತದೆ, ಆ ವೇಗಕ್ಕೆ ಕಬ್ಬಿಣ ಗೋಡೆಗೆ ಒತ್ತಿ ನಿಲ್ತದೆ. ಎಂಜಿನ್ ಬ್ಲಾಕಿನ ವಿಷಯ ಹೇಳೂಕಿತ್ತು, ಸ್ಟುಡಿಯೋದವ್ರು ಗಡಿಯಾರ ತೋರಿಸ್ತಿದಾರೆ.

ಹಾಗಾಗಿ ಇಷ್ಟೇ: ಹೊಸ ಕವರ್ ತಗೊಳ್ಳೋವಾಗ ಬಾಯೆಲ್ಲ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ಬಕೆಟ್ ನೀರಲ್ಲಿ ಮುಳುಗಿಸಿ ತೋರಿಸೂಕೆ ಹೇಳಿ. ಗುಳ್ಳೆ ಬಂದ್ರೆ ದುಡ್ಡು ಕೊಡಬೇಡಿ. ನಮಸ್ಕಾರ.