ಅಜ್ಜಿಗೆ ಫ್ರೀ, ತಾತನಿಗೆ ಟಿಕೆಟ್: ಇದು ಸರಿನಾ?

ಫ್ರೀ ಬಸ್ ಅಂದ ತಕ್ಷಣ ನಮ್ಮೂರಲ್ಲಿ ಜಗಳ ಶುರುವಾಗುತ್ತದೆ. ಟೀ ಅಂಗಡಿ ಮುಂದೆ, ವಾಟ್ಸಾಪ್ ಗ್ರೂಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ ಅದೇ. ನಮ್ಮ ತೆರಿಗೆ ದುಡ್ಡು ಪೋಲು ಅನ್ನುವವರು ಒಂದು ಕಡೆ, ಬಡವರಿಗೆ ಸಿಕ್ಕಿದ್ದನ್ನು ಕಿತ್ಕೋಬೇಡಿ ಅನ್ನುವವರು ಇನ್ನೊಂದು ಕಡೆ. ಈ ಗಲಾಟೆಯಲ್ಲಿ ಒಬ್ಬರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ವಯಸ್ಸಾದ ಗಂಡಸು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆಲ್ಲ ಉಚಿತ, ವಯಸ್ಸಿನ ಮಿತಿ ಇಲ್ಲ. ಒಳ್ಳೆಯದೇ ಆಯಿತು. ಅದನ್ನು ಒಂದು ಚೂರೂ ಕಡಿಮೆ ಮಾಡಬಾರದು ಅನ್ನುವವನು ನಾನು. ಆದರೆ ಗಂಡಸರಿಗೆ 60 ದಾಟಿದ ಮೇಲೂ ಟಿಕೆಟ್ಟಿನಲ್ಲಿ ಶೇ. 25 ರಿಯಾಯಿತಿ ಅಷ್ಟೇ. ಅದೂ ವಯಸ್ಸಿನ ಪುರಾವೆ ತೋರಿಸಿದರೆ.

ಬೆಂಗಳೂರಿನಲ್ಲಿ ಮಾರ್ಕೆಟ್ ಕಡೆ ಹೋಗುವ ಬಸ್ಸಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ವಿಕ್ಟೋರಿಯಾ ಆಸ್ಪತ್ರೆಗೆ ಹೊರಟ ಒಂದು ಜೋಡಿ ಹತ್ತಿದ್ದರು. ಅಜ್ಜಿ ಮುಂದೆ ಕೂತರು, ಕೈಯಲ್ಲಿ ಎಕ್ಸ್‌ರೇ ಕವರ್. ಕಂಡಕ್ಟರ್ ಮಷೀನಿನಿಂದ ಸೊನ್ನೆ ಟಿಕೆಟ್ ಹರಿದು ಕೊಟ್ಟರು, ಮುಗೀತು. ತಾತ ಹಿಂದೆ ಕಂಬ ಹಿಡಿದು ನಿಂತೇ ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಮಡಚಿ ಮಡಚಿ ಅಕ್ಷರ ಅಳಿಸಿಹೋದ ಆಧಾರ್ ಜೆರಾಕ್ಸ್. "ಇದರಲ್ಲಿ ಏನೂ ಕಾಣಲ್ಲ ತಾತ, ಒರಿಜಿನಲ್ ಇಲ್ವಾ?" ಅಂದರು ಕಂಡಕ್ಟರ್. ಬಸ್ ಬ್ರೇಕ್ ಹಾಕಿತು, ಪಕ್ಕದಲ್ಲಿದ್ದ ಹುಡುಗ ತಾತನ ತೋಳು ಹಿಡಿದುಕೊಂಡ. "ಬಿಡಿ ಸಾರ್, ಫುಲ್ಲೇ ಕೊಡಿ" ಅಂದು ತಾತ ದುಡ್ಡು ಎಣಿಸಿದರು. ಕಂಡಕ್ಟರದೂ ತಪ್ಪಿಲ್ಲ, ಚೆಕಿಂಗ್ ಬಂದರೆ ಉತ್ತರ ಕೊಡಬೇಕಾದವರು ಅವರು. ಆದರೆ ಇಬ್ಬರೂ ಒಂದೇ ಮನೆಯವರು, ಒಂದೇ ಆಸ್ಪತ್ರೆಗೆ ಹೋಗುವವರು, ಇಬ್ಬರದೂ ಅದೇ ಮಂಡಿ ನೋವು. ನಿಯಮ ಮಾತ್ರ ಬೇರೆ ಬೇರೆ.

ಅಯ್ಯೋ, ಒಂದು ಟಿಕೆಟ್ ದುಡ್ಡು ಯಾವ ದೊಡ್ಡ ವಿಷಯ ಅಂತೀರಾ? ಲೆಕ್ಕ ಹಾಕೋಣ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ಸಿಗುವುದು ತಿಂಗಳಿಗೆ 1200 ರೂಪಾಯಿ. ಬಿಎಂಟಿಸಿಯಲ್ಲಿ 2025ರ ಜನವರಿಯಲ್ಲಿ ದರ ಏರಿದ ಮೇಲೆ ಹಿರಿಯ ನಾಗರಿಕರ ತಿಂಗಳ ಪಾಸ್ 1080 ರೂಪಾಯಿ ಆಯಿತು. ಉಳಿದದ್ದು 120. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮಷೀನ್ ಮುಂದೆ ನಿಂತವನಿಗೆ ಪಿಎಫ್ ಪಿಂಚಣಿ ಬರುತ್ತೆ ಅಲ್ವಾ ಅಂತ ಕೇಳಬಹುದು. ಬರುತ್ತೆ. ಅದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1000 ರೂಪಾಯಿ ಅಂತ ನಿಗದಿಯಾಯಿತು.

ನಾನು ಹೇಳುವುದು ಇಷ್ಟು. 65 ದಾಟಿದ ಎಲ್ಲರಿಗೂ, ಗಂಡಸು ಹೆಂಗಸು ಅನ್ನದೆ, ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಬೇಡ. ಬಿಪಿಎಲ್ ಕಾರ್ಡ್ ಬೇಡ, ಆದಾಯ ಪ್ರಮಾಣ ಪತ್ರ ಬೇಡ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಜಯನಗರದಲ್ಲಿ ಸ್ವಂತ ಮನೆ, ಕೈ ತುಂಬ ಪೆನ್ಷನ್ ಇರುವವರಿಗೂ ಫ್ರೀ ಯಾಕೆ? ನ್ಯಾಯವಾದ ಪ್ರಶ್ನೆ, ನಾನೂ ಇದನ್ನು ತುಂಬಾ ಯೋಚನೆ ಮಾಡಿದ್ದೇನೆ. ಅಂಥವರಲ್ಲಿ ಹೆಚ್ಚಿನವರು ಆಟೋ ಹಿಡಿಯುತ್ತಾರೆ, ಕಾರಿನಲ್ಲಿ ಹೋಗುತ್ತಾರೆ, ಇಲ್ಲವೇ ಎಸಿ ಬಸ್ ಹತ್ತುತ್ತಾರೆ. ಸಂಜೆ ಆರು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿ ತುಂಬಿ ತುಳುಕುವ ಸಾಮಾನ್ಯ ಬಸ್ಸಿಗೆ, ಆ ಎತ್ತರದ ಮೆಟ್ಟಿಲು ಹತ್ತಿ ಬರುವ ಮುದುಕರು ಬೇರೆ ದಾರಿ ಇಲ್ಲದವರೇ ಜಾಸ್ತಿ. ಜರಡಿ ಹಿಡಿಯುವ ಕೆಲಸವನ್ನು ಬಸ್ಸೇ ಮಾಡುತ್ತದೆ, ಅದಕ್ಕೆ ನಾಡಕಚೇರಿ ಯಾಕೆ ಬೇಕು? ಪ್ರಮಾಣ ಪತ್ರ ಕೇಳಿದಿರೋ, ಮೊದಲು ಬಿಟ್ಟುಹೋಗುವುದು ನಿಜವಾಗಿ ಬೇಕಾದವನೇ. ಫಾರ್ಮ್ ತುಂಬಲು ಮಗ ಊರಲ್ಲಿಲ್ಲ, ಒಟಿಪಿ ಬರುವ ಫೋನ್ ಮೊಮ್ಮಗಳ ಹತ್ತಿರ ಇರುತ್ತದೆ.

ಇನ್ನೊಂದು ತಕರಾರಿದೆ, ಇದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಇಪ್ಪತ್ತೆರಡರ ಹುಡುಗ ಪೂರ್ತಿ ಟಿಕೆಟ್ ಕೊಡುತ್ತಾನೆ, ಊರಿಗೂ ದುಡ್ಡು ಕಳಿಸಬೇಕು. 2025ರ ಜನವರಿ 5ರಿಂದ ದರ ಶೇ. 15 ಏರಿದಾಗ ಅದನ್ನು ಜೇಬಿನಿಂದ ಕಟ್ಟಿದವನು ಅವನೇ. ತಾತನ ಪ್ರಯಾಣದ ಖರ್ಚು ಈ ಹುಡುಗನ ಟಿಕೆಟ್ಟಿನ ಮೇಲೆ ಬಿದ್ದರೆ ಅದು ಖಂಡಿತ ಅನ್ಯಾಯ. ಹಾಗಾಗಿ ದುಡ್ಡು ಸರ್ಕಾರದ ಬಜೆಟ್ಟಿನಿಂದ ಬರಬೇಕು, ಪೂರ್ತಿ ಬರಬೇಕು, ಬಾಕಿ ಉಳಿಸದೆ ತಿಂಗಳು ತಿಂಗಳು ಸಾರಿಗೆ ನಿಗಮಕ್ಕೆ ಸೇರಬೇಕು. ಅರ್ಧ ಕೊಟ್ಟು ಅರ್ಧ ಆಮೇಲೆ ಅಂದರೆ ಮುಂದಿನ ದರ ಏರಿಕೆ ಮತ್ತೆ ಆ ಹುಡುಗನ ತಲೆಗೇ ಬರುತ್ತದೆ.

ಬೇರೆ ಕಡೆ ಇದನ್ನು ಮಾಡಿದ್ದಾರೆ, ಆದರೆ ಹಾಗೇ ನಕಲು ಹೊಡೆಯುವುದು ಬೇಡ. ಚೆನ್ನೈಯಲ್ಲಿ 2016ರಿಂದ 60 ದಾಟಿದವರಿಗೆ ತಿಂಗಳಿಗೆ 10 ಉಚಿತ ಬಸ್ ಟೋಕನ್ ಕೊಡುತ್ತಾರೆ. ಒಂದು ಆಸ್ಪತ್ರೆಗೆ ಹೋಗಿ ಬರಲು ಎರಡೆರಡು ಬಸ್ ಬದಲಿಸಿದರೆ ನಾಲ್ಕು ಟೋಕನ್ ಅಲ್ಲೇ ಖಾಲಿ. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸುಗಳಲ್ಲಿ 2022ರಿಂದ 75 ದಾಟಿದವರಿಗೆ ಪೂರ್ತಿ ಉಚಿತ, 65ರಿಂದ 75ರವರೆಗೆ ಅರ್ಧ ಟಿಕೆಟ್. ಮೂಟೆ ಹೊತ್ತ ಬೆನ್ನಿಗೆ 75ರ ತನಕ ಕಾಯಿ ಅನ್ನುವುದು ಕಷ್ಟ. ಇಂಗ್ಲೆಂಡಿನಲ್ಲಿ ಹಿರಿಯರ ಉಚಿತ ಬಸ್ ಪಾಸು ವಾರದ ದಿನಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ 9:30ರ ನಂತರ ನಡೆಯುತ್ತದೆ, ಕೆಲಸಕ್ಕೆ ಹೋಗುವವರಿಗೆ ಜಾಗ ಸಿಗಲಿ ಅಂತ. ಇದನ್ನೇ ಇಲ್ಲೂ ತನ್ನಿ ಅಂತ ಕೆಲವರು ಹೇಳುತ್ತಾರೆ. ಬೆಂಗಳೂರಲ್ಲಿ ಬೆಳಗಿನ ಏಳು ಗಂಟೆಯ ಬಸ್ಸಿನಲ್ಲಿ ಇರುವ ಮುದುಕರು ಯಾರು, ನೋಡಿದ್ದೀರಾ? ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿಯೆಲ್ಲ ಕೂತು ಶಿಫ್ಟ್ ಮುಗಿಸಿ ಮನೆಗೆ ಹೊರಟ ಸೆಕ್ಯೂರಿಟಿ ತಾತ. ಟಿಫಿನ್ ಬಾಕ್ಸ್ ಚೀಲ ತೊಡೆ ಮೇಲೆ, ಯೂನಿಫಾರ್ಮ್ ಮೇಲೆ ಸ್ವೆಟರ್, ಕೂತಲ್ಲೇ ನಿದ್ದೆ. ಅವರೂ ಕೆಲಸದವರೇ. ಅವರಿಗೆ ಸಮಯದ ಕಟ್ಟುಪಾಡು ಹಾಕಿದರೆ ಆ ಪಾಸಿನಿಂದ ಏನು ಬಂತು?

ರೈಲಿನ ಕಥೆ ಗೊತ್ತಲ್ಲ. ಹಿರಿಯ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಲ್ಲಿ ನಿಲ್ಲಿಸಿದರು. ಕೊರೊನಾ ಹೋಗಿ ವರ್ಷಗಳಾದರೂ ಅದನ್ನು ವಾಪಸ್ ಕೊಡಲಿಲ್ಲ. ನಮ್ಮ ಮೆಟ್ರೋ 2011ರಲ್ಲಿ ಶುರುವಾಯಿತು, 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90ಕ್ಕೆ ಹಾರಿತು, ಆಗಲೂ ಹಿರಿಯರಿಗೆ ಅಂತ ಪ್ರತ್ಯೇಕ ರಿಯಾಯಿತಿ ಇಡಲಿಲ್ಲ. ಲಿಫ್ಟ್ ಇರುವುದು, ನಡುಗದೆ ನಿಲ್ಲಬಹುದಾದದ್ದು ಮೆಟ್ರೋದಲ್ಲಿ. ಮುದುಕರಿಗೆ ಹೇಳಿ ಮಾಡಿಸಿದ ಸವಾರಿಯೇ ಅವರ ಕೈಗೆ ಎಟಕುವುದಿಲ್ಲ. ಅಲ್ಲಿ ಪೂರ್ತಿ ಉಚಿತ ಕೇಳುತ್ತಿಲ್ಲ, ಅರ್ಧ ದರವಾದರೂ ಮಾಡಲಿ.

ಸೀಟಿನ ಮಾತೂ ಹೇಳಿಬಿಡುತ್ತೇನೆ. ಹಿರಿಯ ನಾಗರಿಕರು ಅಂತ ಬರೆದಿರುವ ಸೀಟಿನಲ್ಲಿ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂರುವ ತಮ್ಮಂದಿರೇ, ಎದ್ದೇಳ್ರಪ್ಪ. ಇದಕ್ಕೆ ಯಾವ ಬಜೆಟ್ಟೂ ಬೇಡ.

ಸರ್ಕಾರಕ್ಕೆ ಮಾತ್ರ ಬಜೆಟ್ ಬೇಕು, ಅದು ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ಬರುತ್ತದೆ. ಅದಕ್ಕೂ ಮುಂಚೆ ನಿಮ್ಮ ಎಂಎಲ್‌ಎ ಆಫೀಸಿಗೆ ಒಂದು ಅರ್ಜಿ ಕೊಡಿ. ಶಕ್ತಿ ಹಾಗೇ ಇರಲಿ, ಅದರ ಪಕ್ಕದಲ್ಲಿ 65 ದಾಟಿದ ಗಂಡಸರನ್ನೂ ಸೇರಿಸಿ, ಪುರಾವೆಗೆ ಒಂದು ಗಟ್ಟಿ ಕಾರ್ಡ್ ಕೊಡಿ, ಅದರ ದುಡ್ಡನ್ನು ನಿಗಮಕ್ಕೆ ಸರಿಯಾಗಿ ಕಟ್ಟಿ ಅಂತ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಒಂದು ಪುಟ ಸಾಕು.